ಬೆಳಗ್ಗೆ ಧ್ಯಾನ, ಮಗ್ಗದ ಮುಂದೆ ಸಿಟ್ಟು

ಪ್ರಶ್ನೆ: ಮೇಡಂ, ಎರಡು ವರ್ಷದಿಂದ ಬೆಳಗ್ಗೆ ಐದಕ್ಕೆ ಎದ್ದು ಉಸಿರಿನ ಅಭ್ಯಾಸ, ಧ್ಯಾನ ಮಾಡುತ್ತೇನೆ. ಒಂದು ಗುಂಪಿನಲ್ಲಿ ದೀಕ್ಷೆಯನ್ನೂ ಪಡೆದೆ. ಆ ಹೊತ್ತಿನಲ್ಲಿ ಮನಸ್ಸು ತಿಳಿಯಾಗಿರುತ್ತದೆ. ಆಮೇಲೆ ಮಗ್ಗದ ಮುಂದೆ ಕೂತಾಗ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ದಾರಗಳ, ಒಂದು ಎಳೆ ತುಂಡಾದರೂ ಸಿಟ್ಟು ನೆತ್ತಿಗೇರುತ್ತದೆ. ಬೌಹೌಸ್ ಅನ್ನುವ ಕಲೆ, ಕರಕುಶಲದ ಶಾಲೆಯಲ್ಲಿ ಇಂಥ ಅಭ್ಯಾಸದಿಂದಲೇ ಪಾಠ ಶುರುವಾಗುತ್ತಿತ್ತಂತೆ. ನನ್ನ ಸಾಧನೆಯಲ್ಲಿ ತಪ್ಪಿದೆಯಾ? ನೇಯ್ಗೆ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಸಿಟ್ಟು ಬರುವ ಜಾಗ ನಿಮಗೆ ಗೊತ್ತಾಗಿದೆ. ಕಣ್ಣು ಮುಚ್ಚಿ ಕೂತಾಗ ಕಾಣದ್ದು ಮಗ್ಗದ ಮುಂದೆ ಕಂಡಿದೆ, ಅಲ್ವಾ?

ನೀವು ಕೇಳಿದ್ದು ನಿಜ. ಜರ್ಮನಿಯ ವೈಮಾರ್‌ನಲ್ಲಿ ಆ ಶಾಲೆಯ ಮೇಷ್ಟ್ರು ಯೋಹಾನೆಸ್ ಇಟೆನ್ ಪಾಠಕ್ಕೆ ಮೊದಲು ಉಸಿರಾಟ, ಮೈ ಸಡಿಲಿಸುವ ಅಭ್ಯಾಸ ಮಾಡಿಸುತ್ತಿದ್ದರು. ಅವರು ಮಜ್ದಜ್ನಾನ್ ಅನ್ನುವ ಪಂಥದವರು. ಉಪವಾಸ, ಸಸ್ಯಾಹಾರ ಎಲ್ಲ ಜೋರಾಗಿತ್ತು. 1923ರಲ್ಲಿ ಅವರು ಶಾಲೆ ಬಿಟ್ಟರು. ಅದಕ್ಕೆ ಹಿಂದಿನ ವರ್ಷವಷ್ಟೇ ಅಲ್ಲಿಗೆ ಸೇರಿದ್ದ ಆನಿ ಆಲ್ಬರ್ಸ್‌ಗೆ ಬೇಕಾಗಿದ್ದದ್ದು ಗಾಜಿನ ಕೆಲಸ. ಮನಸ್ಸಿಲ್ಲದೆ ಮಗ್ಗಕ್ಕೆ ಬಂದರು. ಮುಂದೆ ಅಮೆರಿಕಕ್ಕೆ ಹೋದರು. ಎರಡನೇ ಮಹಾಯುದ್ಧ ಮುಗಿದು ಇಪ್ಪತ್ತು ವರ್ಷವಾದ ಮೇಲೆ, ನಾಜಿಗಳ ಕೈಯಲ್ಲಿ ಸತ್ತ ಅರವತ್ತು ಲಕ್ಷ ಯಹೂದಿಗಳ ನೆನಪಿಗೆ ಆರು ಉದ್ದನೆಯ ನೇಯ್ಗೆಗಳನ್ನು ಮಾಡಿದರು. ಹತ್ತಿ, ನಾರು, ನಡುನಡುವೆ ಬೆಳ್ಳಿ ದಾರ. ಅದರಲ್ಲಿ ಒಂದು ಚಿತ್ರವೂ ಇಲ್ಲ, ಬರೀ ಎಳೆಗಳ ಓಟ. ಅದರ ಹೆಸರೇ ಆರು ಪ್ರಾರ್ಥನೆಗಳು.

ನಾನು ಕುಂಬಾರಿಕೆಯವಳು. ಹಾಗಾಗಿ ನನಗೆ ಜಾಸ್ತಿ ಹತ್ತಿರದವರು ಅಮೆರಿಕದ ಕುಂಬಾರಿಕೆ ಕಲಾವಿದೆ ಬಿಯಾಟ್ರಿಸ್ ವುಡ್. 1923ರಲ್ಲಿ ಥಿಯಾಸಫಿಕಲ್ ಸೊಸೈಟಿ ಅನ್ನುವ ಆಧ್ಯಾತ್ಮಿಕ ಸಂಘ ಸೇರಿದರು. ಚಿಂತಕ ಜೆ. ಕೃಷ್ಣಮೂರ್ತಿಯವರ ಮಾತು ಕೇಳಲು ಹಾಲೆಂಡ್‌ಗೆ ಹೋದಾಗ ಲೋಹದ ಹೊಳಪಿನ ಕೆಲವು ಹಳೆ ತಟ್ಟೆ ಕೊಂಡರು. ಅದಕ್ಕೆ ಹೊಂದುವ ಟೀ ಪಾಟ್ ಎಲ್ಲೂ ಸಿಗಲಿಲ್ಲ. ತಾನೇ ಮಾಡೋಣ ಅಂತ 1933ರಲ್ಲಿ ಹಾಲಿವುಡ್ ಹೈಸ್ಕೂಲಿನ ದೊಡ್ಡವರ ತರಗತಿ ಸೇರಿದರು. ಆಗ ಅವರಿಗೆ ನಲವತ್ತು. ಅದು ತಮ್ಮ ಕೈಗೆ ಸುಲಭವಾಗಿ ಒಲಿದ ವಿದ್ಯೆ ಅಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. 1948ರಲ್ಲಿ ಕೃಷ್ಣಮೂರ್ತಿ ಇದ್ದ ಕ್ಯಾಲಿಫೋರ್ನಿಯಾದ ಓಹಾಯ್ ಕಣಿವೆಗೆ ಬಂದು ನೆಲೆಸಿದರು. ನೂರು ದಾಟಿದ ಮೇಲೂ ಕೆಲಸ ಮಾಡಿದರು.

ವುಡ್ ಅವರ ಪಾತ್ರೆಗಳ ಆ ಲೋಹದ ಹೊಳಪು ಬರುವುದು ಹೇಗೆ ಗೊತ್ತಾ? ಪಾತ್ರೆಗೆ ಬಳಿಯುವ ಗಾಜಿನಂಥ ಲೇಪ, ಗ್ಲೇಜ್‌ನಲ್ಲಿ ಲೋಹದ ಲವಣ ಇರುತ್ತದೆ. ಪಾತ್ರೆ ಸುಡುವ ಗೂಡು ಕಾದಿರುವಾಗ ಗಾಳಿ ಕಡಿಮೆ ಮಾಡಿ ಒಳಗೆ ಹೊಗೆ ತುಂಬಬೇಕು. ಆಗ ಲವಣದಲ್ಲಿನ ಆಮ್ಲಜನಕ ಹೋಗಿ ಲೋಹ ಮೇಲ್ಮೈಗೆ ತೆಳ್ಳಗೆ ಬರುತ್ತದೆ. ಹೊಗೆ ಸ್ವಲ್ಪ ಜಾಸ್ತಿಯಾದರೂ ಕಪ್ಪು. ಬಾಗಿಲು ತೆಗೆಯುವವರೆಗೆ ಏನಾಗಿದೆ ಅಂತ ತಿಳಿಯದು. ನಾನೂ ಇದನ್ನು ಹಿಡಿಯಲು ಹೋಗಿ ಒಂದೇ ಸಲಕ್ಕೆ ಹದಿನೇಳು ಬಟ್ಟಲು ಮಸಿ ಮಾಡಿದೆ. ಆ ದಿನ ಬೆಳಗ್ಗೆ ಒಂದು ಗಂಟೆ ಧ್ಯಾನ ಮಾಡಿದ್ದೆ. ಸಂಜೆ ಗೂಡಿನ ಮುಂದೆ ಅತ್ತೆ. ಆ ಅಳುವಿನಲ್ಲೇ ಹೊಳೆಯಿತು, ಬಟ್ಟಲು ಚೆನ್ನಾಗಿ ಬರಲಿ ಅಂತಲೇ ನಾನು ಧ್ಯಾನ ಮಾಡುತ್ತಿದ್ದೆ! ಮಾರನೇ ದಿನದಿಂದ ಎರಡನ್ನೂ ಬೇರೆ ಬೇರೆ ಇಟ್ಟೆ.

ನೀವೂ ಮಗ್ಗದಲ್ಲಿ ಧ್ಯಾನದ ಫಲ ಹುಡುಕುತ್ತಿದ್ದೀರಿ ಅನಿಸುತ್ತದೆ. ಒಬ್ಬ ಗುರು, ಒಂದು ಪದ್ಧತಿ ನಮ್ಮನ್ನು ಸತ್ಯಕ್ಕೆ ಮುಟ್ಟಿಸುತ್ತದೆ ಅನ್ನುವುದನ್ನು ಕೃಷ್ಣಮೂರ್ತಿ 1929ರಲ್ಲೇ ನಿರಾಕರಿಸಿದರು. ತಮಗಾಗಿ ಕಟ್ಟಿದ್ದ ಸಂಘವನ್ನೇ ವಿಸರ್ಜಿಸಿದರು. ದೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಹಿಡಿದು ಪ್ರತಿದಿನ ನಿಮಗೆ ನೀವೇ ಅಂಕ ಹಾಕಿಕೊಳ್ಳಬೇಡಿ.

ಇನ್ನೊಂದು ಮಾತು. ಎಳೆ ಯಾವಾಗಲೂ ಒಂದೇ ಜಾಗದಲ್ಲಿ ತುಂಡಾಗುತ್ತದೆಯಾ ನೋಡಿ. ಹಾಗಿದ್ದರೆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಣಿಗೆಯ ಆ ಹಲ್ಲು ಒರಟಾಗಿರಬಹುದು, ಇಲ್ಲವೇ ಆ ಒಂದೇ ಎಳೆ ಜಾಸ್ತಿ ಬಿಗಿಯಾಗಿರಬಹುದು. ಅದಕ್ಕೆ ಮನಸ್ಸನ್ನು ದೂರಬೇಡಿ, ಹಣಿಗೆ ಉಜ್ಜಿ. ಸರಿಮಾಡಿದ ಮೇಲೂ ಸಿಟ್ಟು ಬಂದರೆ, ಗಂಟು ಹಾಕಿ ಮುಗಿಸುವವರೆಗೆ ಎದ್ದು ಹೋಗಬೇಡಿ. ಆಗ ಬೆರಳು ಹೇಗಿತ್ತು, ಉಸಿರು ಹೇಗಿತ್ತು ಅಂತ ಒಂದು ಸಾಲು ಬರೆದಿಡಿ. ಒಂದು ತಿಂಗಳಾದ ಮೇಲೆ ಆ ಸಾಲುಗಳನ್ನು ನನಗೆ ಕಳಿಸುತ್ತೀರಾ?