ಎಲ್ಲರ ಕಣ್ಣಿಗೂ ಬೀಳುವ ಗೂಢಚಾರಿಣಿ

ನಮಸ್ಕಾರ.

ನಿಮ್ಮ ಹಸ್ತಪ್ರತಿಯನ್ನು ಪೂರ್ತಿ ಓದಿದೆ. 1944ರ ರಂಗೂನು, ಅಕ್ಕಿ ಗಿರಣಿ ಗುಮಾಸ್ತರ ಮಗಳು ಹದಿನಾರರ ಸುಮತಿ, ಆಜಾದ್ ಹಿಂದ್ ಫೌಜಿಗಾಗಿ ಅವಳ ಬೇಹುಗಾರಿಕೆ. ವಸ್ತು ಗಟ್ಟಿಯಾಗಿದೆ. ಹೈಸ್ಕೂಲು, ಪಿಯುಸಿ ಹುಡುಗಿಯರ ಕೈಗೆ ಕನ್ನಡದಲ್ಲಿ ಇಂಥದ್ದು ಸಿಗುವುದೇ ಅಪರೂಪ. ಆದರೂ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಯಾಕೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನಾಲ್ಕನೇ ಅಧ್ಯಾಯದಲ್ಲಿ ಸುಮತಿ ರಂಗೂನಿನ ಬ್ರಿಟಿಷ್ ಕರ್ನಲ್ ಬಂಗಲೆಯ ಔತಣಕ್ಕೆ ನುಗ್ಗುತ್ತಾಳೆ. ಆ ಊರು 1942ರ ಮಾರ್ಚ್‌ನಲ್ಲೇ ಜಪಾನೀಯರ ವಶವಾಗಿತ್ತು. ಕರ್ನಲ್ ಸಾಹೇಬರು ಅಲ್ಲಿ ಯಾರ ಕೃಪೆಯಿಂದ ಔತಣ ಕೊಡುತ್ತಿದ್ದರು? ಇದು ಇಸವಿ ತಿದ್ದಿದರೆ ಮುಗಿಯುವ ತಪ್ಪಲ್ಲ. ರಂಗೂನಿನ ಜನ ಆಗ ನಡುಗುತ್ತಿದ್ದದ್ದು ಜಪಾನಿನ ಮಿಲಿಟರಿ ಪೊಲೀಸು ಕೆಂಪೆಟೈಗೆ. ಅಂದರೆ ಸುಮತಿ ತನ್ನ ಫೌಜಿನ ಮಿತ್ರರಾದ ಜಪಾನೀಯರಿಗೇ ಹೆದರಿ ಓಡಾಡಬೇಕು. ಇಷ್ಟು ಒಳ್ಳೆಯ ಇಕ್ಕಟ್ಟು ಕೈಯಲ್ಲಿದ್ದೂ ನೀವು ಮುಟ್ಟಿಲ್ಲ. 1941ರ ಡಿಸೆಂಬರ್‌ನಲ್ಲಿ ಬಾಂಬು ಬಿದ್ದ ಮೇಲೆ ಲಕ್ಷಾಂತರ ಭಾರತೀಯರು ಬರ್ಮಾ ಬಿಟ್ಟು ಹೊರಟರು. ಅರಾಕಾನ್, ಮಣಿಪುರದ ಕಾಡುದಾರಿಗಳಲ್ಲಿ ನಡೆದೇ ಬಂದವರಲ್ಲಿ ಸಾವಿರಾರು ಜನ ದಾರಿಯಲ್ಲೇ ಸತ್ತರು. ಈ ಗುಮಾಸ್ತರ ಸಂಸಾರ ಯಾಕೆ ಉಳಿಯಿತು? ಅದರ ಬಗ್ಗೆ ಒಂದು ಸಾಲೂ ಇಲ್ಲ.

ನನ್ನ ದೊಡ್ಡ ತಕರಾರು ಸುಮತಿಯ ಬಗ್ಗೆಯೇ. ಆರು ಭಾಷೆ ಬಲ್ಲಳು, ಪಿಸ್ತೂಲಿನ ಗುರಿ ತಪ್ಪುವುದಿಲ್ಲ, ಕೋಣೆಗೆ ಕಾಲಿಟ್ಟರೆ ‘ಎಲ್ಲರ ದೃಷ್ಟಿಯೂ ಅವಳತ್ತಲೇ’. ಈ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಎಲ್ಲರ ದೃಷ್ಟಿಯೂ ಅವಳತ್ತ ಇದ್ದರೆ ಅವಳು ಬೇಹುಗಾರಿಕೆಗೆ ನಾಲಾಯಕ್ಕು. ಅವಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದೇ ಆ ವಯಸ್ಸಿನ ಹುಡುಗಿಯ ಬಂಡವಾಳ. ನೆದರ್ಲೆಂಡ್ಸಿನ ಹಾರ್ಲೆಮ್‌ನಲ್ಲಿ ಫ್ರೆಡಿ ಓವರ್‌ಸ್ಟೇಗನ್ ನಾಜಿಗಳ ವಿರುದ್ಧದ ಗುಪ್ತ ಪಡೆ ಸೇರಿದಾಗ ಅವಳಿಗೆ ಹದಿನಾಲ್ಕು. ಎರಡು ಜಡೆ ಹಾಕಿಕೊಂಡು ಸೈಕಲ್ಲಿನಲ್ಲಿ ಹೋಗುವ ಹುಡುಗಿಯ ಮೇಲೆ ಯಾರು ಅನುಮಾನಪಟ್ಟಾರು? ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5ರ ಕಚೇರಿ ಸಂದೇಶ ಒಯ್ಯಲು ಸ್ಕೌಟ್ ಹುಡುಗರನ್ನು ಬಿಟ್ಟು ಗೈಡ್ಸ್ ಹುಡುಗಿಯರನ್ನು ಇಟ್ಟುಕೊಂಡಿತು. ಹುಡುಗರು ಬಾಯಿಬಡುಕರು ಅಂತ! ನಿಮ್ಮ ರಂಗೂನಿನವರೇ ಆದ, ಆಜಾದ್ ಹಿಂದ್ ಫೌಜಿನ ಸರಸ್ವತಿ ರಾಜಾಮಣಿ, ಹುಡುಗನ ವೇಷದಲ್ಲಿ ಬ್ರಿಟಿಷ್ ಅಧಿಕಾರಿಗಳ ಬಳಿ ಆಳಾಗಿದ್ದು ಸುದ್ದಿ ಕಲೆಹಾಕುತ್ತಿದ್ದೆ ಎಂದು ಹೇಳಿಕೊಂಡಿದ್ದಾರೆ.

ಇದು ನಿಮಗೂ ಗೊತ್ತಿದೆ ಎನ್ನುವುದಕ್ಕೆ ಒಂಬತ್ತನೇ ಅಧ್ಯಾಯ ಸಾಕ್ಷಿ. ಗಡಿಯ ಬ್ರಿಟಿಷ್ ಶಿಬಿರದಲ್ಲಿ ಸುಮತಿ ಕ್ರಾಪು ಮಾಡಿಸಿಕೊಂಡು ಬೂಟು ಪಾಲಿಶ್ ಹುಡುಗನಾಗಿದ್ದಾಳೆ. ಈವತ್ತು ಜಗಲಿಯಲ್ಲಿ ನಿನ್ನೆಗಿಂತ ಎಂಟು ಜೊತೆ ಬೂಟು ಹೆಚ್ಚು. ಆ ಎಂಟರ ಅಟ್ಟೆಯ ಸಂದಿಯಲ್ಲೂ ಕೆಂಪು ಮಣ್ಣು, ಶಿಬಿರದ ನೆಲವೋ ಬೂದು. ಅವಳು ಕಡ್ಡಿಯಿಂದ ಮಣ್ಣು ಕೆರೆದು ಚಡ್ಡಿ ಜೇಬಿಗೆ ಹಾಕಿಕೊಳ್ಳುತ್ತಾಳೆ. ಓದುತ್ತಾ ನನಗೆ ಮೈ ಜುಂ ಅಂದಿತು. ಮುಂದಿನ ಸಾಲಿನಲ್ಲೇ ಕೆಡಿಸಿದ್ದೀರಿ: ‘ಹೊಸ ಅಧಿಕಾರಿಗಳು ಬಂದಿದ್ದಾರೆಂದು ಅವಳಿಗೆ ತಕ್ಷಣ ಹೊಳೆಯಿತು!’ ನಮಗೂ ಹೊಳೆದಿದೆ, ಆ ಸಾಲು ತೆಗೆಯಿರಿ.

ಇನ್ನು ಸುಮತಿಯನ್ನು ಕೆಲಸಕ್ಕೆ ಕಳಿಸುವ ಆ ಮೇಜರ್. ಅವರು ‘ಹೋಗಿ ಬಾ ಮಗಳೇ’ ಎಂದರೆ ಹೋಗುತ್ತಾಳೆ, ‘ಸಾಕು’ ಎಂದರೆ ಬರುತ್ತಾಳೆ. ಇಡೀ ಕಾದಂಬರಿಯಲ್ಲಿ ಅವಳು ತಾನಾಗಿ ಒಂದು ತೀರ್ಮಾನ ತೆಗೆದುಕೊಂಡಿಲ್ಲ. ಗೆಳತಿ ಸಿಕ್ಕಿಬಿದ್ದಾಗಲೂ ಬಿಡಿಸುವ ಉಪಾಯ ಮೇಜರದೇ. ಅಲ್ಲಿ ಅವರನ್ನು ಊರಾಚೆ ಕಳಿಸಿ. ಜೇಬಿನಲ್ಲಿ ಆ ರಾತ್ರಿಯೇ ಮುಟ್ಟಿಸಬೇಕಾದ ಚೀಟಿ, ಆ ಕಡೆ ಗೆಳತಿ. ಏನು ಮಾಡಿದರೂ ಒಂದು ನಷ್ಟ, ಕೇಳೋಣವೆಂದರೆ ದೊಡ್ಡವರು ಯಾರೂ ಇಲ್ಲ. ಅವಳ ಗಟ್ಟಿತನ ಗೊತ್ತಾಗುವುದು ಅಲ್ಲಿ. ಬಟ್ಟೆ ಒಗೆಯುತ್ತಾ ಸುಮತಿ ಮತ್ತು ಗೆಳತಿ ‘ತಾಯ್ನಾಡಿಗೆ ನನ್ನ ಉಸಿರೇ ಮುಡಿಪು’ ಎಂದು ಮಾತಾಡುವುದೂ ಬೇಡ. ಸೋಪು ಸಿಗದ್ದಕ್ಕೆ ಬೈದುಕೊಳ್ಳಲಿ. ಕ್ಯಾಪ್ಟನ್ ಜೊತೆಗಿನ ಪ್ರೇಮಪ್ರಕರಣ ಪೂರ್ತಿ ಹೋಗಬೇಕು, ಚರ್ಚೆಯಿಲ್ಲ.

ಕಾದಂಬರಿಯನ್ನು ಆ ಬೂಟಿನ ಜಗಲಿಯಿಂದಲೇ ಶುರು ಮಾಡಿ, ಮೊದಲ ಮೂರು ಅಧ್ಯಾಯ ಮಾತ್ರ ಹೊಸದಾಗಿ ಬರೆದು ಕಳಿಸಿ. ಯುನಿಕೋಡಿನಲ್ಲಿರಲಿ, ಈ ಸಲ ಹಳೆ ಫಾಂಟಿನಿಂದಾಗಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.

ಇಂತಿ,
ಸಂಪಾದಕ