ಡೆಲ್ಟಾ 3200 ಫಿಲ್ಮಿನಲ್ಲಿ ರಾತ್ರಿ ಬಯಲಾಟ: 6400ಕ್ಕೆ ಪುಶ್ ಮಾಡಬೇಡಿ

ಇಲ್ಫರ್ಡ್ ಡೆಲ್ಟಾ 3200 ಫಿಲ್ಮನ್ನು 6400ಕ್ಕೆ ಪುಶ್ ಮಾಡಿ (ಅಂದರೆ ಕಮ್ಮಿ ಬೆಳಕು ಕೊಟ್ಟು, ಜಾಸ್ತಿ ಹೊತ್ತು ಡೆವಲಪ್ ಮಾಡಿ) ರಾತ್ರಿಯ ಯಕ್ಷಗಾನ ತೆಗೆಯಬೇಕು, ಗ್ರೇನ್ (ಫೋಟೋದಲ್ಲಿ ಕಾಣುವ ಕಾಳುಕಾಳು) ಕಡಿಮೆ ಬರೋ ಡೆವಲಪರ್ ಯಾವುದು, ಮನೆಯಲ್ಲಿರೋ ರೊಡಿನಾಲ್ ಡೆವಲಪರ್ ಸಾಕಾ ಅಂತ ಕೇಳಿದ್ದೀರಿ. ನಾನೂ ಇದೇ ಫಿಲ್ಮ್ ಹಾಕಿಕೊಂಡು, ಇದೇ 6400 ಇಟ್ಟುಕೊಂಡು ಆಟಕ್ಕೆ ಹೋದವನು. ಡೆವಲಪರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ 6400 ಬಿಡಿ.

ನನ್ನ ದೊಡ್ಡಪ್ಪ ತೆಂಕುತಿಟ್ಟಿನ ಒಂದು ಮೇಳದಲ್ಲಿ ಮದ್ದಳೆಗಾರರಾಗಿದ್ದರು. ಈ ವರ್ಷದ ತಿರುಗಾಟವೇ ಕೊನೆ, ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದರೆ ಮನೆಯಲ್ಲೇ ಇರುತ್ತೇನೆ ಅಂದಿದ್ದರು. ಅವರು ಹಿಮ್ಮೇಳದಲ್ಲಿ ಕೂತ ಒಂದು ಒಳ್ಳೆಯ ಫೋಟೋ ಮನೆಯಲ್ಲಿರಲಿಲ್ಲ. ಆಟಕ್ಕೆ ಕ್ಯಾಮೆರಾ ತಂದವರೆಲ್ಲ ವೇಷಗಳನ್ನು ತೆಗೆಯುತ್ತಾರೆ, ಮದ್ದಳೆಯವರ ಕಡೆ ತಿರುಗುವವರು ಕಡಿಮೆ. ಫ್ಲ್ಯಾಶ್ ಹಾಕುವ ಮಾತೇ ಇರಲಿಲ್ಲ. ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ, ರಂಗಸ್ಥಳದ ಬೆಳಕಿನ ಸೊಗಸೂ ಹೋಗುತ್ತದೆ. ಹಾಗಾಗಿ ಹೈಸ್ಪೀಡ್ ಫಿಲ್ಮೇ ಸರಿ ಅಂತ ತೀರ್ಮಾನಿಸಿದೆ.

ಕ್ಯಾಮೆರಾ ನಿಕಾನ್ ಎಫ್‌ಎಂ2, ಲೆನ್ಸ್ 50 ಎಂಎಂ. ಎಫ್‌ಎಂ2ರ ಐಎಸ್‌ಒ (ಫಿಲ್ಮ್ ಸ್ಪೀಡ್) ಡಯಲ್ಲಿನ ಕೊನೆಯ ಅಂಕಿ 6400. ಅಲ್ಲಿಗೇ ತಿರುಗಿಸಿದೆ. ದಿಗಿಣ (ಹಾರಿ ಸುತ್ತುವ ಕುಣಿತ) ಹೊಡೆಯುವಾಗ ವೇಷ ಅಲುಗದೆ ಬರಬೇಕು, ಶಟರ್ 1/500 ಸಿಗಬೇಕು ಅನ್ನೋದು ನನ್ನ ಲೆಕ್ಕ. ಬೆಳಕು ಸ್ವಲ್ಪ ಕಮ್ಮಿ ಬಿದ್ದರೂ ಪರವಾಗಿಲ್ಲ, ಟ್ಯಾಂಕಿನಲ್ಲಿ ಜಾಸ್ತಿ ಹೊತ್ತು ಇಟ್ಟು ಎಳೆದುಕೊಳ್ಳುತ್ತೇನೆ ಅಂದುಕೊಂಡೆ. ಎಲ್ಲ ಕೆಟ್ಟಿದ್ದು ಈ ಒಂದು ನಂಬಿಕೆಯಿಂದ.

ಡೆವಲಪರ್ ಮೈಕ್ರೋಫೆನ್. 6400ಕ್ಕೆ ಇಲ್ಫರ್ಡ್ ಕೊಟ್ಟಿರುವ ಸಮಯ 20 ಡಿಗ್ರಿಯಲ್ಲಿ 12 ನಿಮಿಷ. ಅದನ್ನೂ ಮೀರಿ ಇಟ್ಟೆ. ಫಿಲ್ಮ್ ತೊಳೆದು ಬಾತ್‌ರೂಮಿನ ತಂತಿಗೆ ನೇತುಹಾಕಿ ಬಲ್ಬಿಗೆ ಹಿಡಿದೆ. ನೆಗೆಟಿವ್‌ನಲ್ಲಿ ಬೆಳಕು ಬಿದ್ದ ಜಾಗ ಕಪ್ಪು, ಬೀಳದ ಜಾಗ ಖಾಲಿ. ಕಿರೀಟದ ಮಿಂಚು, ಮೇಲಿನ ಟ್ಯೂಬ್‌ಲೈಟುಗಳು ಬೆಳಕೇ ತೂರದಷ್ಟು ಕಪ್ಪಾಗಿ ಕೂತಿದ್ದವು. ಹಿಮ್ಮೇಳದ ಜಾಗದಲ್ಲಿ ಫಿಲ್ಮ್ ಖಾಲಿ. ಲೂಪ್ (ಭೂತಗನ್ನಡಿ) ಇಟ್ಟು ನೋಡಿದರೆ ದೊಡ್ಡಪ್ಪನ ಬಿಳಿ ಅಂಗಿ ಇದೆ. ಮದ್ದಳೆಯ ಬಿಳಿ ಮುಚ್ಚಿಗೆ ಇದೆ, ಅದರ ಮೇಲೆ ಬೆರಳುಗಳ ಆಕಾರ ಕೂಡ ಇದೆ. ಕುತ್ತಿಗೆಯ ಮೇಲೆ ಏನೂ ಇಲ್ಲ. ಫಿಲ್ಮಿನ ಅಂಚು, ತೂತುಗಳ ಹತ್ತಿರದ ಬೋಳು ಜಾಗ ಹೇಗಿರುತ್ತದೋ ಮುಖದ ಜಾಗವೂ ಹಾಗೇ ಇತ್ತು. ಸ್ಕ್ಯಾನ್ ಮಾಡಿದೆ, ಹಾರ್ಡ್ ಪೇಪರಿನಲ್ಲಿ ಪ್ರಿಂಟ್ ಮಾಡಿ ನೋಡಿದೆ. ಇಲ್ಲದ್ದು ಎಲ್ಲಿಂದ ಬರುತ್ತದೆ? ಪತ್ತನಾಜೆ ಕಳೆಯಿತು, ದೊಡ್ಡಪ್ಪ ಮತ್ತೆ ಮೇಳಕ್ಕೆ ಹೋಗಲಿಲ್ಲ.

ಇದು ಯಾಕೆ ಹೀಗಾಯಿತು ಅನ್ನೋದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದೊಂದು ಅರ್ಥವಾದರೆ ಮಿಕ್ಕಿದ್ದೆಲ್ಲ ಸುಲಭ.

ಫಿಲ್ಮಿನಲ್ಲಿರುವುದು ಬೆಳ್ಳಿಯ ಉಪ್ಪಿನ ಸಣ್ಣ ಸಣ್ಣ ಹರಳುಗಳು. ಒಂದು ಹರಳಿಗೆ ಸಾಕಷ್ಟು ಬೆಳಕು ಬಿದ್ದರೆ ಅದರಲ್ಲಿ ನಾಲ್ಕಾರು ಬೆಳ್ಳಿ ಪರಮಾಣುಗಳು ಒಂದು ಕಡೆ ಸೇರಿ ಒಂದು ಚುಕ್ಕಿಯಾಗುತ್ತವೆ. ಡೆವಲಪರ್ ಆ ಚುಕ್ಕಿಯಿಂದಲೇ ಕೆಲಸ ಶುರುಮಾಡಿ ಇಡೀ ಹರಳನ್ನು ಬೆಳ್ಳಿ ಮಾಡುತ್ತದೆ. ಚುಕ್ಕಿಯೇ ಇಲ್ಲದ ಹರಳನ್ನು ಅದು ಮುಟ್ಟುವುದಿಲ್ಲ. ತುಂಬಾ ಹೊತ್ತು ಬಿಟ್ಟರೆ ಮುಟ್ಟುತ್ತದೆ, ಆದರೆ ಆಗ ಎಲ್ಲ ಕಡೆಯೂ ಒಂದೇ ಸಮ ಮುಟ್ಟುತ್ತದೆ. ಅದಕ್ಕೇ ಫಾಗ್ ಅನ್ನೋದು. ಬಿತ್ತದ ಗದ್ದೆಗೆ ಎಷ್ಟು ನೀರು ಬಿಟ್ಟರೇನು, ಬರೋದು ಕಳೆ ಮಾತ್ರ.

ಇನ್ನೊಂದು ವಿಷಯ. ನೆಗೆಟಿವ್‌ನಲ್ಲಿ ನೆರಳಿನ ಜಾಗ ಬೇಗ ಡೆವಲಪ್ ಆಗಿ ಹೆಚ್ಚುಕಮ್ಮಿ ಅಲ್ಲಿಗೇ ನಿಲ್ಲುತ್ತದೆ. ಬೆಳಕಿನ ಜಾಗ ಮಾತ್ರ ನೀವು ಇಟ್ಟಷ್ಟು ಹೊತ್ತು ದಟ್ಟವಾಗುತ್ತಲೇ ಹೋಗುತ್ತದೆ. ನಾನು ಸೇರಿಸಿದ ಒಂದೊಂದು ನಿಮಿಷವೂ ಕಿರೀಟಕ್ಕೆ ಮತ್ತು ಟ್ಯೂಬ್‌ಲೈಟಿಗೆ ಹೋಯಿತು. ದೊಡ್ಡಪ್ಪನ ಮುಖಕ್ಕೆ ಏನೂ ಸಿಗಲಿಲ್ಲ. ಪುಶ್ ಮಾಡಿದರೆ ಸ್ಪೀಡ್ ಹೆಚ್ಚುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೆಚ್ಚುವುದು ಕಾಂಟ್ರಾಸ್ಟ್, ಅಂದರೆ ಬೆಳಕು ನೆರಳಿನ ಅಂತರ. ನೆರಳಿನಲ್ಲಿ ಸಿಗುವ ನಿಜವಾದ ಲಾಭ ತೀರಾ ಅಲ್ಪ.

ಹಾಗಾದರೆ ಡಬ್ಬಿಯ ಮೇಲಿನ 3200? ಅದು ಫಿಲ್ಮಿನ ಐಎಸ್‌ಒ ಅಲ್ಲ. ಐಡಿ-11ರಲ್ಲಿ ಡೆವಲಪ್ ಮಾಡಿದರೆ ಇದರ ಐಎಸ್‌ಒ 1000 ಅಂತ ಇಲ್ಫರ್ಡ್‌ನ ಡೇಟಾಶೀಟೇ ಹೇಳುತ್ತದೆ. ಕೊಡಾಕ್‌ನ ಟಿ-ಮ್ಯಾಕ್ಸ್ ಪಿ3200 ಕೂಡ ಹೀಗೇ, ನಿಜವಾಗಿ 800ರಿಂದ 1000. ಅಲ್ಲಿನ ‘ಪಿ’ ಅಂದರೆ ಪುಶ್. ಇದರಲ್ಲಿ ಮೋಸ ಏನಿಲ್ಲ. ಡೆಲ್ಟಾ 3200ರ ಕಾಂಟ್ರಾಸ್ಟನ್ನು ಬೇಕೆಂದೇ ತಗ್ಗಿಸಿ ಮಾಡಿದ್ದಾರೆ, ಅದಕ್ಕೇ ಪುಶ್ ಮಾಡಿದಾಗ ಬೇರೆ ಫಿಲ್ಮಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ನೆರಳಿಗೆ ಬೇಕಾದ ಬೆಳಕಿನ ಲೆಕ್ಕ ಬದಲಾಗುವುದಿಲ್ಲ. ಸ್ಪೀಡಿನ ಅಂಕಿ ಅನ್ನೋದೇ ಒಂದು ಒಪ್ಪಂದ. 1960ರಲ್ಲಿ ಫಿಲ್ಮ್ ಸ್ಪೀಡಿನ ಅಮೆರಿಕದ ಅಳತೆ ಎಎಸ್‌ಎ ಬದಲಾದಾಗ ಕೊಡಾಕ್‌ನ ಟ್ರೈ-ಎಕ್ಸ್ ಫಿಲ್ಮ್ 200 ಇದ್ದದ್ದು 400 ಆಯಿತು, ಫಿಲ್ಮ್ ಮಾತ್ರ ಅದೇ.

ಈಗ ನನ್ನ ಆ ರಾತ್ರಿಯ ಲೆಕ್ಕ ನೋಡಿ. 1000ದಿಂದ 6400ಕ್ಕೆ ಹೋದಾಗಲೇ ಎರಡೂವರೆ ಸ್ಟಾಪಿಗಿಂತ ಜಾಸ್ತಿ ಬೆಳಕು ಕಳೆದುಕೊಂಡೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಇಲ್ಲವೇ ದುಪ್ಪಟ್ಟು). ಎಫ್‌ಎಂ2ರ ಮೀಟರ್ ಫ್ರೇಮಿನ ನಡುವಿಗೆ ಹೆಚ್ಚು ಬೆಲೆ ಕೊಡುತ್ತದೆ. ನಡುವೆ ಹೊಳೆಯುವ ವೇಷ, ಮೇಲೆ ಟ್ಯೂಬ್‌ಲೈಟು. ಅದನ್ನು ನಂಬಿದ್ದಕ್ಕೆ ಇನ್ನೊಂದು ಸ್ಟಾಪ್ ಹೋಯಿತು. ದೀಪ ಇರುವುದು ಮುಂದೆ, ಹಿಮ್ಮೇಳ ಇರುವುದು ಹಿಂದೆ. ಅಲ್ಲಿ ಬೆಳಕು ಮತ್ತೆ ಎರಡು ಸ್ಟಾಪ್ ಕಮ್ಮಿ. ಎಲ್ಲ ಕೂಡಿಸಿದರೆ ಐದೂವರೆ ದಾಟುತ್ತದೆ. ಮೀಟರ್ ತೋರಿಸುವ ನಡುಬೂದಿಗಿಂತ (ಕಪ್ಪು ಬಿಳಿಗಳ ನಡುವಿನ ಬೂದು) ಮೂರು, ಮೂರೂವರೆ ಸ್ಟಾಪ್ ಕೆಳಗೆ ಹೋದರೆ ಫಿಲ್ಮಿನಲ್ಲಿ ವಿವರ ಅನ್ನೋದು ಮುಗಿಯಿತು. ದೊಡ್ಡಪ್ಪನ ಮುಖ ಅದಕ್ಕೂ ಎರಡು ಸ್ಟಾಪ್ ಆಚೆ ಇತ್ತು. ಜಗತ್ತಿನ ಯಾವ ಡೆವಲಪರೂ ಅದನ್ನು ತರಲಾರದು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನೀವು ಗ್ರೇನಿಗೆ ಹೆದರುತ್ತಿದ್ದೀರಿ. ಗ್ರೇನ್ ಇರಲಿ ಬಿಡಿ. ದೀಪದ ಬೆಳಕಿನ ಆಟಕ್ಕೆ ದಪ್ಪ ಗ್ರೇನ್ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂತ ಪ್ರಿಂಟ್ ಮಾಡಿ ನೋಡಿದರೆ ಗೊತ್ತಾಗುತ್ತದೆ. ಅಸಹ್ಯ ಕಾಣುವುದು ಬೆಳಕು ಸಾಲದ ನೆಗೆಟಿವ್‌ನಿಂದ ಒತ್ತಾಯ ಮಾಡಿ ತೆಗೆದಾಗ ನೆರಳಿನಲ್ಲಿ ಏಳುವ ಗ್ರೇನ್. ಅದಕ್ಕೆ ಮದ್ದು ಬೆಳಕು.

ಡಯಲನ್ನು 1600ಕ್ಕೆ ಇಡಿ. ಡೆವಲಪ್ ಮಾಡುವಾಗ 3200ರ ಸಮಯ ಕೊಡಿ. ಡೆಲ್ಟಾ 3200 ಬಳಸುವ ಬಹಳ ಜನ ಹೀಗೇ ಮಾಡುತ್ತಾರೆ, ನನಗೂ ಇದೇ ಸರಿ ಬಂದಿದೆ. ಡಿಡಿ-ಎಕ್ಸ್ ಡೆವಲಪರ್ 1+4ರಲ್ಲಿ (ಒಂದು ಪಾಲಿಗೆ ನಾಲ್ಕು ಪಾಲು ನೀರು) 20 ಡಿಗ್ರಿಗೆ ಒಂಬತ್ತೂವರೆ ನಿಮಿಷ. ಮೈಕ್ರೋಫೆನ್ ಸ್ಟಾಕಿನಲ್ಲಿ (ಮತ್ತೆ ನೀರು ಬೆರೆಸದ ದ್ರಾವಣದಲ್ಲಿ) 9. ಇವೆರಡೂ ಸಿಗದಿದ್ದರೆ ಐಡಿ-11 ಸ್ಟಾಕಿನಲ್ಲಿ ಹತ್ತೂವರೆ. ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ತಿರುಗಿಸಿ, ಆಮೇಲೆ ಪ್ರತಿ ನಿಮಿಷದ ಶುರುವಿಗೆ ಮತ್ತೆ ನಾಲ್ಕು ಸಲ. ಅಷ್ಟೇ. ಪುಶ್ ಅಂತ ಜೋರಾಗಿ ಅಲುಗಾಡಿಸಬೇಡಿ, ಅದೂ ಕಿರೀಟಕ್ಕೇ ಹೋಗುತ್ತದೆ.

1600 ಸಾಲುತ್ತಾ ಅಂತ ಕೇಳುತ್ತೀರಿ. ಟ್ಯೂಬ್‌ಲೈಟು, ಹ್ಯಾಲೋಜನ್ ಇರುವ ರಂಗಸ್ಥಳದಲ್ಲಿ ಮುಂದೆ ನಿಂತ ವೇಷಕ್ಕೆ ಲೆನ್ಸನ್ನು ಎಫ್ 2ಕ್ಕೆ ತೆರೆದಿಟ್ಟರೆ 1/125 ಸಾಮಾನ್ಯವಾಗಿ ಸಿಗುತ್ತದೆ. ದಿಗಿಣಕ್ಕೆ ಅದು ಸಾಲದು ಅನ್ನಿಸಬಹುದು. ಹಾರಿದ ಮೈ ಮೇಲೆ ಹೋಗಿ ಕೆಳಗೆ ಇಳಿಯುವ ಮುಂಚೆ ಒಂದು ಕ್ಷಣ ನಿಲ್ಲುತ್ತದಲ್ಲ, ಅಲ್ಲಿ ಒತ್ತಿ. ಚೆಂಡೆ ಕೇಳುತ್ತಾ ಇದ್ದರೆ ಆ ಕ್ಷಣ ಮುಂಚೆಯೇ ಗೊತ್ತಾಗುತ್ತದೆ. ಕೈಕಾಲು ಸ್ವಲ್ಪ ಅಲುಗಿದ್ದರೆ ಒಳ್ಳೆಯದೇ, ಕುಣಿತ ಅಲ್ವಾ. ಇನ್ನು ಅರ್ಥಗಾರಿಕೆ ನಡೆಯುವಾಗ ಕಲಾವಿದರು ನಿಂತೇ ಮಾತಾಡುತ್ತಾರೆ. ಆಗ 1/60 ಕೂಡ ನಡೆಯುತ್ತದೆ. ಆಟದಲ್ಲಿ ಅಷ್ಟು ಹೊತ್ತು ಮಾತೇ ಇರುವಾಗ 1/500ರ ಹಿಂದೆ ಯಾಕೆ ಓಡಬೇಕು?

1/500 ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ. ನಮ್ಮ ಕರೆಂಟು 50 ಹರ್ಟ್ಸ್. ಹಳೇ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಜಾಸ್ತಿ ವೇಗ ಇದ್ದರೆ ಒಂದು ಫ್ರೇಮಿಗೆ ಬೆಳಕು ಬಿದ್ದಷ್ಟು ಮುಂದಿನದಕ್ಕೆ ಬೀಳುವುದಿಲ್ಲ, ಒಂದೇ ಫ್ರೇಮಿನಲ್ಲೂ ಪಟ್ಟಿ ಬೀಳಬಹುದು. 1/60, 1/125ರ ಆಸುಪಾಸಿನಲ್ಲಿ ಆ ಕಾಟ ಕಡಿಮೆ.

ಮೀಟರಿಂಗ್ ಮಾತ್ರ ಕ್ಯಾಮೆರಾಕ್ಕೆ ಬಿಡಬೇಡಿ. ಆಟ ಶುರುವಾಗುವ ಮುಂಚೆ, ದೀಪ ಹಾಕಿದ ಮೇಲೆ, ಹತ್ತಿರ ಹೋಗಿ ನಿಮ್ಮ ಅಂಗೈಯನ್ನು ದೀಪದ ಕಡೆ ತಿರುಗಿಸಿ ಅಳೆಯಿರಿ. ಅಂಗೈ ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ಬಿಳಿ, ಹಾಗಾಗಿ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಜಾಸ್ತಿ ಕೊಡಿ. ರಂಗಸ್ಥಳದ ಮುಂದೆ ಒಂದು ಸಲ, ಹಿಮ್ಮೇಳದ ಹತ್ತಿರ ಒಂದು ಸಲ ಹೀಗೆ ನೋಡಿ ಬರೆದಿಟ್ಟುಕೊಳ್ಳಿ. ದೀಪ ಬದಲಾಗದಿದ್ದರೆ ಆಟ ಮುಗಿಯುವವರೆಗೂ ಅದೇ ಎರಡು ಲೆಕ್ಕ. ಭಾಗವತರು, ಮದ್ದಳೆ, ಚೆಂಡೆ ತೆಗೆಯುವಾಗ ಎರಡನೇ ಲೆಕ್ಕಕ್ಕೆ ಬದಲಾಯಿಸಲು ಮರೆಯಬೇಡಿ. ಚೌಕಿಯಲ್ಲಿ ಬಣ್ಣ ಹಚ್ಚುವಾಗ ಬಲ್ಬ್ ಮುಖದ ಹತ್ತಿರವೇ ಇರುತ್ತದೆ, ಅಲ್ಲಿಗೆ 400ರ ಫಿಲ್ಮೇ ಸಾಕಾಗಬಹುದು.

ನೀವು ಕೇಳದೇ ಇದ್ದರೂ ಹೇಳುತ್ತೇನೆ: ಡೆಲ್ಟಾ 3200 ದುಬಾರಿ. ಇಲ್ಫರ್ಡ್‌ನದೇ 400ರ ಫಿಲ್ಮ್ ಎಚ್‌ಪಿ5 ಪ್ಲಸ್ ತಂದು 1600ಕ್ಕೆ ಇಟ್ಟು ಮೈಕ್ರೋಫೆನ್ ಸ್ಟಾಕಿನಲ್ಲಿ 11 ನಿಮಿಷ ಮಾಡಿದರೂ ಆಟ ಬರುತ್ತದೆ. ನೆರಳು ಡೆಲ್ಟಾದಷ್ಟು ತುಂಬಿರುವುದಿಲ್ಲ. ಫಿಲ್ಮಿಗೆ ಸುರಿಯುವ ದುಡ್ಡಿನಲ್ಲಿ ಒಂದು ಹಳೇ 50 ಎಂಎಂ ಎಫ್ 1.4 ಲೆನ್ಸ್ ಸಿಕ್ಕರೆ ತಗೊಳ್ಳಿ. ಲೆನ್ಸ್ ಕೊಡುವುದು ನಿಜವಾದ ಬೆಳಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆ ನೀರಿನದು. ಏಪ್ರಿಲ್‌ನಲ್ಲಿ ನಲ್ಲಿ ನೀರು 28, 30 ಡಿಗ್ರಿ ಇರುತ್ತದೆ. ಸಮಯ ಕಡಿಮೆ ಮಾಡಿ ಸರಿದೂಗಿಸಬಹುದು, ಆದರೆ ಐದು ನಿಮಿಷಕ್ಕಿಂತ ಕೆಳಗೆ ಹೋದರೆ ಒಂದೇ ಸಮ ಡೆವಲಪ್ ಆಗುವುದು ಕಷ್ಟ. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ಐಸ್ ಆದ ನೀರಿನ ಬಾಟಲಿ ಮುಳುಗಿಸಿ, ಡೆವಲಪರ್, ಸ್ಟಾಪ್, ಫಿಕ್ಸರ್ ಮೂರನ್ನೂ ಅದರಲ್ಲಿಡಿ. ತೊಳೆಯುವ ನೀರನ್ನೂ ತಣ್ಣಗೆ ಮಾಡಿಟ್ಟುಕೊಳ್ಳಿ. ಡೆಲ್ಟಾ, ಟಿ-ಮ್ಯಾಕ್ಸ್ ಫಿಲ್ಮುಗಳು ಫಿಕ್ಸ್ ಆಗಲು ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತವೆ. ತೊಳೆದ ಮೇಲೂ ಗುಲಾಬಿ ಬಣ್ಣ ಎದ್ದು ಕಾಣುತ್ತಿದ್ದರೆ ಹೊಸ ಫಿಕ್ಸರಿನಲ್ಲಿ ಮತ್ತೆ ಹಾಕಿ.

ಈ ಫಿಲ್ಮ್ ಬಿಸಿಗೆ, ಎಕ್ಸ್‌ರೇಗೆ ಬೇಗ ಕೆಡುತ್ತದೆ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ನೆರಳಿನಲ್ಲೇ ಕ್ಯಾಮೆರಾಕ್ಕೆ ಹಾಕಿ, ನೆರಳಿನಲ್ಲೇ ತೆಗೆಯಿರಿ. ವಿಮಾನದಲ್ಲಿ ಹೋಗುವುದಿದ್ದರೆ ಸ್ಕ್ಯಾನರಿಗೆ ಕೊಡದೆ ಕೈಯಲ್ಲೇ ಪರೀಕ್ಷಿಸಲು ಕೇಳಿಕೊಳ್ಳಿ. ತೆಗೆದ ರೋಲನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳದೆ ಆ ವಾರವೇ ಡೆವಲಪ್ ಮಾಡಿ.

ರೊಡಿನಾಲ್ ಈ ಕೆಲಸಕ್ಕೆ ಬೇಡ. ಅದು ಗ್ರೇನನ್ನು ಚೂಪು ಮಾಡುತ್ತದೆ, ನೆರಳಿನ ಸ್ಪೀಡನ್ನೂ ತಿನ್ನುತ್ತದೆ. ಹಗಲಿನಲ್ಲಿ ತೆಗೆಯುವ 100ರ ಫಿಲ್ಮಿಗೆ ಇಟ್ಟುಕೊಳ್ಳಿ, ಅಲ್ಲಿ ಅದರಷ್ಟು ಒಳ್ಳೆಯದು ಸಿಗುವುದು ಕಷ್ಟ. ನಿಮ್ಮ ಲೆನ್ಸ್ ಎಷ್ಟಕ್ಕೆ ತೆರೆಯುತ್ತದೆ, ಆಟ ನಡೆಯುವ ಕಡೆ ದೀಪ ಯಾವ ತರಹದ್ದು ಅಂತ ಬರೆದರೆ ಶಟರಿನ ಲೆಕ್ಕ ಕೂತು ಹಾಕೋಣ.