ಶನಿವಾರ ರಾತ್ರಿಯ ಕತ್ತರಿ ಕೆಳಗಿಡಿ

ಓದುಗರ ಪತ್ರ: ‘ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಹಾಡು ಕಲಿಸುವವಳು ನಾನು. ಕಲಿತ ಹಾಡುಗಳನ್ನು ಮತ್ತೆ ಹಾಡಿಸಲು ವಾರಕ್ಕೊಂದು ಹೊಸ ಆಟ ಮಾಡುತ್ತೇನೆ. ಶನಿವಾರ ರಾತ್ರಿಯೆಲ್ಲ ಬಣ್ಣದ ಕಾಗದ ಕತ್ತರಿಸಿ, ಅಂಟಿಸಿ ಸಾಕಾಗುತ್ತದೆ. ಮಕ್ಕಳು ಐದೇ ನಿಮಿಷದಲ್ಲಿ ಆಟ ಮುಗಿಸುತ್ತಾರೆ. ಹಾಡು ಮಾತ್ರ ಎರಡನೇ ಚರಣಕ್ಕೆ ಬಂದರೆ ತೊದಲುತ್ತದೆ. ಹೆಚ್ಚು ತಯಾರಿ ಬೇಡದ ಆಟಗಳಿದ್ದರೆ ತಿಳಿಸಿ. ತಯಾರಿ ಇಲ್ಲದೆ ಮಕ್ಕಳ ಮುಂದೆ ನಿಲ್ಲುವುದು ಸೋಮಾರಿತನ ಎಂದು ಜೊತೆಯ ಟೀಚರ್ ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಇನ್ನೊಂದು, ದೊಡ್ಡ ಹುಡುಗರು ಬಾಯೇ ಬಿಡುವುದಿಲ್ಲ.’

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದಿ ಖುಷಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ಸಿಟ್ಟು ನಿಮ್ಮ ಮೇಲಲ್ಲ, ಆ ಬಣ್ಣದ ಕಾಗದದ ಮೇಲೆ.

ಮೊದಲು ನಿಮ್ಮ ಜೊತೆಯ ಟೀಚರ್ ಮಾತನ್ನು ಒಪ್ಪುವಷ್ಟು ಒಪ್ಪಿಬಿಡುತ್ತೇನೆ. ಓದಲು ಬಾರದ ಪುಟ್ಟ ಮಕ್ಕಳಿಗೆ ಹೊಸ ಹಾಡು ಕಲಿಸುವಾಗ ನಾಲ್ಕು ಚಿತ್ರ ಇದ್ದರೆ ಒಳ್ಳೆಯದೇ. ಅರ್ಥ ಬೇಗ ಹತ್ತುತ್ತದೆ. ಕಿವಿ ಮಂದವಿರುವ ಮಗು ಇದ್ದರಂತೂ ಚಿತ್ರ ಬೇಕೇ ಬೇಕು. ಆದರೆ ನೀವು ಕೇಳಿದ್ದು ಕಲಿತ ಹಾಡನ್ನು ಮತ್ತೆ ಬಾಯಿಗೆ ತರಿಸುವುದು ಹೇಗೆ ಎಂದು. ಅಲ್ಲಿ ಚಿತ್ರದಿಂದ ಅಡ್ಡಿಯೇ ಜಾಸ್ತಿ. ಗೋಡೆಯ ಮೇಲೆ ಸಾಲಿಗೊಂದು ಚಿತ್ರ ಅಂಟಿಸಿದ್ದರೆ, ನೆನಪಿಡುವ ಕೆಲಸವನ್ನು ಗೋಡೆಯೇ ಮಾಡುತ್ತದೆ. ಮಗು ಸುಮ್ನೆ ಗೋಡೆ ನೋಡಿಕೊಂಡು ಹಾಡುತ್ತದೆ.

ಒಂದು ಚರ್ಚಿನಲ್ಲಿ ನೋಡಿದ್ದೆ. ಟೀಚರ್ ಗೋಡೆಯಗಲಕ್ಕೂ ಒಂದು ಮರ ಮಾಡಿದ್ದರು. ಎಲೆಗೊಂದು ಹಾಡಿನ ಹೆಸರು. ಮಗು ಬಂದು ಎಲೆ ಕೀಳಬೇಕು, ಆ ಹಾಡನ್ನು ಎಲ್ಲರೂ ಹಾಡಬೇಕು. ಮರ ನೋಡಲು ಚೆಂದವಿತ್ತು. ಸರದಿ ನನ್ನದು ನಿನ್ನದು ಎಂಬ ಜಗಳದಲ್ಲಿ ತರಗತಿ ಮುಗಿದಾಗ ಮಕ್ಕಳು ಹಾಡಿದ್ದು ಎರಡೇ ಹಾಡು. ಎಲ್ಲರೂ ಮರದ ಫೋಟೊ ತೆಗೆದುಕೊಂಡು ಹೋದರು.

ಇದು ನನ್ನೊಬ್ಬನ ಹಟ ಅಂದುಕೊಳ್ಳಬೇಡಿ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯದ ತುಣುಕುಗಳನ್ನು ಕೊಟ್ಟು ಓದಿಸಿದ್ದರು. ಆಮೇಲೆ ಒಂದು ತುಣುಕನ್ನು ಮತ್ತೊಮ್ಮೆ ಓದಿಸಿದರು. ಇನ್ನೊಂದನ್ನು ಪುಸ್ತಕ ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದ್ದೇ ಮುಂದಿತ್ತು, ಶೇ. 75ಕ್ಕೆ ಎದುರಾಗಿ ಶೇ. 81. ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಮತ್ತೆ ಓದಿದ್ದರಲ್ಲಿ ಉಳಿದದ್ದು ಶೇ. 42, ನೆನಪಿನಿಂದ ಬರೆದದ್ದರಲ್ಲಿ ಶೇ. 56. ಗದ್ಯ ಬೇರೆ, ಹಾಡು ಬೇರೆ, ನಿಜ. ಆದರೆ ಸಂಡೇ ಸ್ಕೂಲಿನ ಮಗುವೂ ವಾರ ಬಿಟ್ಟೇ ಬರುವುದು, ಅಲ್ವಾ? ಚಾರ್ಟ್ ನೋಡಿಕೊಂಡು ಈ ವಾರ ಚೆನ್ನಾಗಿ ಹಾಡಿದರೆ ನಾವು ಬೀಗುತ್ತೇವೆ. ಮುಂದಿನ ವಾರ ಯಾಕೆ ತೊದಲಿದರು ಎಂದು ತಲೆ ಕೆರೆದುಕೊಳ್ಳುತ್ತೇವೆ.

ಈಗ ನಿಮ್ಮ ಎರಡನೇ ಚರಣದ ಕಾಯಿಲೆಗೆ ಬರೋಣ. ಒಂದು ಮಗುವನ್ನು ಕರೆದು ಹಾಡಿನ ಮೂರನೇ ಸಾಲು ಹೇಳು ಎನ್ನಿ. ಅದು ಒಳಗೊಳಗೇ ಒಂದು, ಎರಡು ಸಾಲು ಹಾಡಿಕೊಂಡು ಆಮೇಲೆ ಮೂರಕ್ಕೆ ಬರುತ್ತದೆ. ದೊಡ್ಡವರೂ ಹಾಗೇ. ಒಂದು ಸಾಲು ಮುಂದಿನದನ್ನು ಎಳೆದು ತರುತ್ತದೆ. ಹೀಗಾಗಿ ಪ್ರತಿ ಸಲ ಮೊದಲಿನಿಂದಲೇ ಶುರು ಮಾಡಿ, ಹೊತ್ತಾಯಿತೆಂದು ನಡುವೆ ನಿಲ್ಲಿಸಿದರೆ, ಮೊದಲ ಚರಣ ಗಟ್ಟಿಯಾಗುತ್ತದೆ, ಕೊನೆಯದು ಹಾಗೇ ಉಳಿಯುತ್ತದೆ. ಇದಕ್ಕೆ ಕತ್ತರಿ ಬೇಡ. ನೀವೇ ನಡುವಿನ ಯಾವುದೋ ಒಂದು ಸಾಲು ಹಾಡಿ ನಿಲ್ಲಿಸಿ. ಮುಂದಿನ ಸಾಲನ್ನು ಮಕ್ಕಳು ಹಿಡಿಯಬೇಕು. ಅದು ಸಲೀಸಾದ ಮೇಲೆ, ಈ ಸಾಲಿನ ಹಿಂದಿನದು ಯಾವುದು ಎಂದು ಕೇಳಿ. ಎಷ್ಟು ಕಷ್ಟ ಎಂದು ಮೊದಲು ನೀವೇ ಮಾಡಿ ನೋಡಿ. ಆಮೇಲೆ ಪಾಸ್ಟರ್ ಅವರನ್ನೂ ಕೇಳಿ, ಮಕ್ಕಳಿಗೆ ಮಜಾ ಇರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಆಟಕ್ಕೆ ಬೇಕಾದದ್ದು ಒಂದು ಕೈ. ಅಂಗೈ ಬಿಚ್ಚಿದ್ದರೆ ಬಾಯಿ ಬಿಟ್ಟು ಹಾಡಬೇಕು. ಮುಷ್ಟಿ ಕಟ್ಟಿದರೆ ಬಾಯಿ ಮುಚ್ಚಬೇಕು, ಹಾಡು ಮನಸ್ಸಿನಲ್ಲಿ ಓಡುತ್ತಿರಬೇಕು. ಮತ್ತೆ ಬಿಚ್ಚಿದಾಗ ಎಲ್ಲರೂ ಒಂದೇ ಪದದಲ್ಲಿ ಇರಬೇಕು. ಮೊದಲು ಎರಡು ಪದಕ್ಕೆ ಮುಚ್ಚಿ, ಆಮೇಲೆ ಇಡೀ ಸಾಲಿಗೆ. ಪಕ್ಕದವರ ದನಿಗೆ ಜೋತುಬಿದ್ದು ಹಾಡುವ ಮಗುವಿಗೆ ಇಲ್ಲಿ ಜೋತುಬೀಳಲು ದನಿಯೇ ಇರುವುದಿಲ್ಲ. ತಾನೇ ನೆನಪು ಮಾಡಿಕೊಳ್ಳಬೇಕು. ಹಂಗೇರಿಯ ಸಂಗೀತಗಾರ ಜೋಲ್ತಾನ್ ಕೊಡಾಯ್ (1882–1967) ಅವರ ಹೆಸರಿನಲ್ಲಿ ಬೆಳೆದ ಬೋಧನಾ ಕ್ರಮದಲ್ಲಿ ಹೀಗೆ ಮನಸ್ಸಿನೊಳಗೇ ಕೇಳಿಸಿಕೊಳ್ಳುವುದಕ್ಕೆ ದೊಡ್ಡ ಜಾಗವಿದೆ.

ತಪ್ಪು ಹಿಡಿಯುವ ಆಟವೂ ಚೆನ್ನ. ನೀವು ಹಾಡುತ್ತಾ ಒಂದು ಪದ ಬದಲಿಸಿ. ಗೊತ್ತಾದವರು ಎದ್ದು ನಿಂತು ಸರಿಯಾದ ಸಾಲನ್ನು ಹಾಡಬೇಕು. ಆದರೆ ತಪ್ಪು ಪದ ನಗು ಬರಿಸುವಷ್ಟು ತಪ್ಪಾಗಿರಲಿ. ‘ಕುರುಬ’ ಇರುವಲ್ಲಿ ‘ಕುರ್ಚಿ’ ಎನ್ನಿ. ಹೆಚ್ಚುಕಡಿಮೆ ಸರಿ ಎನಿಸುವ ಪದ ಹಾಕಿದರೆ ಪುಟ್ಟ ಮಕ್ಕಳ ತಲೆಯಲ್ಲಿ ಅದೇ ಕೂತುಬಿಡುವ ಅಪಾಯವಿದೆ.

ವಸ್ತು ಬಚ್ಚಿಟ್ಟು ಹುಡುಕಿಸುವ ಆಟ ನಿಮಗೆ ಗೊತ್ತೇ ಇರುತ್ತದೆ. ಹುಡುಕುವವನು ಹತ್ತಿರ ಬಂದರೆ ಉಳಿದವರು ಜೋರಾಗಿ ಹಾಡುವುದು, ದೂರ ಹೋದರೆ ಮೆಲ್ಲಗೆ. ಆಟವೇನೋ ಸರಿ. ಒಂದೇ ಹಾಡನ್ನು ಹತ್ತು ಸಲ ಹಾಡಿದರೂ ಯಾರೂ ಬೇಸರ ಪಡುವುದಿಲ್ಲ. ತೊಂದರೆ ಏನೆಂದರೆ, ಜೋರಾಗಿ ಎಂದರೆ ಮಕ್ಕಳು ಕಿರುಚುತ್ತಾರೆ, ಶ್ರುತಿ ಎಲ್ಲೋ ಹೋಗುತ್ತದೆ. ಅದನ್ನು ತಿರುಗಿಸಿ. ಹತ್ತಿರ ಬಂದಷ್ಟೂ ದನಿ ಇಳಿಯಬೇಕು, ಸಿಗುವ ಹೊತ್ತಿಗೆ ಪಿಸುಮಾತಾಗಬೇಕು. ಗಂಟಲೂ ಉಳಿಯುತ್ತದೆ, ಹುಡುಕುವ ಮಗು ಕಿವಿಗೊಟ್ಟು ಕೇಳುವುದನ್ನೂ ಕಲಿಯುತ್ತದೆ.

ಚಪ್ಪಾಳೆಯಲ್ಲೇ ಹಾಡಿನ ಲಯ ತೋರಿಸಿ ಯಾವ ಹಾಡು ಎಂದು ಕೇಳಬಹುದು. ಒಂದೇ ಅಳತೆಯ ಸಾಲುಗಳಿರುವ ಎರಡು ಹಾಡು ಆರಿಸಬೇಡಿ, ಯಾರಿಗೂ ಗುರುತು ಸಿಗುವುದಿಲ್ಲ. ಕರಿಹಲಗೆ ಇದ್ದರೆ ಹಾಡು ಬರೆದು, ಪ್ರತಿ ಸುತ್ತಿನಲ್ಲೂ ಎರಡೆರಡು ಪದ ಒರೆಸುತ್ತಾ ಹೋಗಿ. ‘ತಪ್ಪಿದವರು ಹೊರಗೆ’ ಎನ್ನುವ ಆಟ ಮಾತ್ರ ಬೇಡ. ಹಾಡು ಬಾರದ ಮಗುವೇ ಮೊದಲು ಹೊರಗೆ ಹೋಗುತ್ತದೆ. ಜಾಸ್ತಿ ಹಾಡಬೇಕಾದದ್ದು ಅದೇ ತಾನೇ?

ಇನ್ನು ಸೋಮಾರಿತನದ ಮಾತು. ನೀವೂ ಅದನ್ನು ನಂಬಿಬಿಟ್ಟಿದ್ದೀರಲ್ಲ, ಅದಕ್ಕೆ ನಿಮ್ಮನ್ನು ಸ್ವಲ್ಪ ಗದರಬೇಕು. ಕೈಯಲ್ಲಿ ಏನೂ ಇಲ್ಲದೆ ಹಾಡು ಕಲಿಸುವುದು ಸೋಮಾರಿತನವಲ್ಲ, ಹಳೆಯ ದಾರಿ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಸಂಡೇ ಸ್ಕೂಲ್ ಶುರು ಮಾಡಿದ್ದು ವಾರವೆಲ್ಲ ದುಡಿಯುವ ಬಡ ಮಕ್ಕಳಿಗಾಗಿ. ಅದಕ್ಕೂ ಮೊದಲು, 1645ರ ಆರಾಧನಾ ಕ್ರಮದ ಪುಸ್ತಕದಲ್ಲಿ, ಸಭೆಯಲ್ಲಿ ಓದಲು ಬಾರದವರು ಹೆಚ್ಚಿದ್ದರೆ ಕೀರ್ತನೆಯನ್ನು ಒಬ್ಬರು ಸಾಲು ಸಾಲಾಗಿ ಓದಿ ಹೇಳಬೇಕು, ಆಮೇಲೆ ಸಭೆ ಹಾಡಬೇಕು ಎಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸಭೆ ಸೇರಿದ್ದ ಚರ್ಚಿನ ಪಂಡಿತರು ಬರೆದರು. ಕೈಯಲ್ಲಿ ಪುಸ್ತಕವಿಲ್ಲದ ಜನ ಹೀಗೆಯೇ ಹಾಡಿದರು.

1841ರಲ್ಲಿ ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ ಸಂಡೇ ಸ್ಕೂಲ್ ಟೀಚರ್‌ಗಳ ಸಮ್ಮೇಳನ ನಡೆಯಿತು. ಮಕ್ಕಳಿಗೆ ಹಾಡು ಕಲಿಸುವ ಒಳ್ಳೆಯ ದಾರಿ ಹುಡುಕಿ ಎಂದು ಜಾನ್ ಕರ್ವೆನ್ ಎಂಬ ಯುವ ಪಾದ್ರಿಗೆ ಹೇಳಿದರು. ನಾರ್ವಿಚ್‌ನ ಶಿಕ್ಷಕಿ ಸಾರಾ ಗ್ಲೋವರ್ ಮಾಡಿದ್ದ, ಸ್ವರಗಳ ಹೆಸರು ಹಿಡಿದು ಹಾಡು ಕಲಿಸುವ ಕ್ರಮವನ್ನು ಆತ ಬೆಳೆಸಿದ. ಸ್ವರಕ್ಕೊಂದು ಕೈಸನ್ನೆ ಸೇರಿಸಿದ. ಮುಂದೆ ಕೊಡಾಯ್ ಕ್ರಮದವರು ಬಳಸಿದ್ದೂ ಅದೇ ಸನ್ನೆಗಳು. ನೋಡಿ, ಸಂಡೇ ಸ್ಕೂಲ್ ಸಂಗೀತ ಜಗತ್ತಿಗೆ ಕೊಟ್ಟ ಒಂದು ದೊಡ್ಡ ಉಪಕರಣ ಮಣಿಕಟ್ಟಿನ ತುದಿಯಲ್ಲಿದೆ. ಅದಕ್ಕೆ ಅಂಟು ಬೇಕಾಗಲಿಲ್ಲ.

ಹಾಗಾದರೆ ತಯಾರಿ ಬೇಡವೇ? ಬೇಕು. ಹಾಡು ನಿಮಗೆ ಪುಸ್ತಕವಿಲ್ಲದೆ, ಎಲ್ಲಿಂದ ಬೇಕಾದರೂ ಬರಬೇಕು. ಮಕ್ಕಳಿಗೆ ಒಗ್ಗುವ ಶ್ರುತಿ ಯಾವುದೆಂದು ಗೊತ್ತಿರಬೇಕು. ಇದನ್ನು ಬಟ್ಟೆ ಒಗೆಯುವಾಗ, ಬಸ್ಸಿಗೆ ಕಾಯುವಾಗ ಮಾಡಬಹುದು. ಯಾರ ಕಣ್ಣಿಗೂ ಕಾಣುವುದಿಲ್ಲ, ಅದಕ್ಕೇ ಇದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ಕಾಗದದ ಮರ ಕಾಣುತ್ತದೆ.

ನನ್ನ ನಿಜವಾದ ಸಂಕಟ ಇಲ್ಲಿದೆ. ಎಲ್ಲವೂ ಕಾಣಬೇಕು ಎನ್ನುವ ಹುಚ್ಚು ಈಗ ಜಾಸ್ತಿಯಾಗಿದೆ. ಕ್ರಿಸ್ಮಸ್ ಕಾರ್ಯಕ್ರಮ ಬಂದರೆ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕುತ್ತಾರೆ. ಅದರ ಶ್ರುತಿ ಯಾರೋ ದೊಡ್ಡವರ ಗಂಟಲಿಗೆ ಹೊಂದಿಸಿದ್ದು. ಮಕ್ಕಳಿಗೆ ಎಟುಕುವುದಿಲ್ಲ. ಒಂದು ಮಗು ಪದ ಮರೆತರೆ ಟ್ರ್ಯಾಕ್ ಕಾಯುವುದೂ ಇಲ್ಲ. ಕೊನೆಗೆ ಮಕ್ಕಳು ಬಾಯಿ ಆಡಿಸುತ್ತಾರೆ, ಸ್ಪೀಕರ್ ಹಾಡುತ್ತದೆ, ಅಪ್ಪ ಅಮ್ಮ ಫೋನ್ ಎತ್ತಿ ಹಿಡಿಯುತ್ತಾರೆ. ಕಾರ್ಯಕ್ರಮ ಅದ್ಭುತ ಎಂದು ಸಮಿತಿಯವರು ವಂದನೆ ಹೇಳುತ್ತಾರೆ. ಮಕ್ಕಳು ಹಾಡಿದರೇ ಎಂದು ಕೇಳಿದ ಒಬ್ಬರನ್ನೂ ನಾನು ಕಂಡಿಲ್ಲ. ದೊಡ್ಡವರ ಆರಾಧನೆಯೂ ಇದೇ ದಾರಿ ಹಿಡಿದಿದೆ. ಪರದೆಯ ಮೇಲೆ ಪದ ಬರದಿದ್ದರೆ ಅರ್ಧ ಸಭೆ ಮೌನ. ಅದರ ಬಗ್ಗೆ ಬರೆಯಲು ಹೊರಟರೆ ಈ ಪುಟ ಸಾಲದು, ಬಿಡಿ.

ದೊಡ್ಡ ಹುಡುಗರ ವಿಷಯ. ಅವರ ದನಿ ಒಡೆಯುವ ವಯಸ್ಸು. ಕೆಲವು ತಿಂಗಳಲ್ಲಿ ಅದು ಸುಮಾರು ಒಂದು ಸ್ಥಾಯಿ, ಅಂದರೆ ಮೇಲಿನ ‘ಸ’ದಿಂದ ಕೆಳಗಿನ ‘ಸ’ದವರೆಗೆ, ಕೆಳಗಿಳಿಯುತ್ತದೆ. ಬಾಯಿ ಬಿಟ್ಟರೆ ಯಾವ ದನಿ ಬರುತ್ತದೋ ಅವರಿಗೇ ಗೊತ್ತಿರುವುದಿಲ್ಲ, ಪಕ್ಕದವನು ನಗುತ್ತಾನೆ ಎಂಬ ಹೆದರಿಕೆ ಬೇರೆ. ಮುಷ್ಟಿಯ ಆಟದಲ್ಲಿ ಮುಂದೆ ನಿಂತು ಕೈ ತೋರಿಸುವ ಕೆಲಸ ಅವರಿಗೆ ಕೊಡಿ. ಎಲ್ಲಿ ಮುಚ್ಚಬೇಕು, ಎಲ್ಲಿ ಬಿಚ್ಚಬೇಕು ಎಂದು ತಿಳಿಯಲು ಹಾಡು ಬರಲೇಬೇಕು, ತಾವಾಗಿಯೇ ಕಲಿಯುತ್ತಾರೆ. ಚಪ್ಪಾಳೆಯ ಆಟವನ್ನೂ ಅವರೇ ನಡೆಸಲಿ. ಒಬ್ಬೊಬ್ಬರನ್ನೇ ಎಬ್ಬಿಸಿ ಹಾಡಿಸುವುದು ಮಾತ್ರ ಬೇಡ. ಹಾಗೆ ಮಾಡಿದರೆ ಮುಂದಿನ ಭಾನುವಾರ ಅವರು ತರಗತಿಗೇ ಬರುವುದಿಲ್ಲ.

— ಸಂ.